ಮೂಗಿನ ಮೇಲೆ ಗಂಟಿದ್ದ ಬಾತು

ಕಳೆದ ವಾರ ಲಕ್ಷ್ಮೇಶ್ವರಕ್ಕೆ ಒಂದು ಜೋಡಿ ಎತ್ತು ನೋಡಲು ಹೋಗಿದ್ದೆ. ಕೊಟ್ಟಿಗೆಯ ಮೂಲೆಯಲ್ಲಿ ಮನೆಯವರು ಬೇವಿನೆಣ್ಣೆಗೆ ಅರಿಶಿನ ಹಾಕಿ ಕಾಯಿಸುತ್ತಿದ್ದರು. ಆಕಳಿನ ಕಾಲಿಗೆ ತಂತಿ ತರಚಿತ್ತಂತೆ. ಆ ಕಹಿ ಹೊಗೆ ಮೂಗಿಗೆ ಬಡಿದದ್ದೇ ತಡ, ಎತ್ತಿನ ಹಲ್ಲು ಎಣಿಸುತ್ತಿದ್ದ ನಾನು ಎಷ್ಟಕ್ಕೆ ಬಂದಿದ್ದೆ ಎಂಬುದನ್ನೇ ಮರೆತೆ. ಮತ್ತೆ ಮೊದಲಿನಿಂದ ಅದರ ಬಾಯಿ ತೆರೆಸಬೇಕಾಯಿತು. ದರ ಇಳಿಸಲು ನಾನು ಹೊಸದೊಂದು ಆಟ ಹೂಡಿದ್ದೇನೆ ಎಂದುಕೊಂಡು ಮಾಲಕರು ಮುಖ ಬಿಗಿದರು. ಆಟವೇನೂ ಇರಲಿಲ್ಲ. ಆ ವಾಸನೆ ನನ್ನನ್ನು ಗಂಟುರೋಗದ ಮಳೆಗಾಲಕ್ಕೆ ಎಳೆದೊಯ್ದಿತ್ತು.

ನನ್ನದು ದನದ ದಲಾಲಿ ಕೆಲಸ. ಅಪ್ಪ ಮಾಡಿದ್ದಲ್ಲ, ಅಜ್ಜ ಬಿಟ್ಟು ಹೋದದ್ದಲ್ಲ. ಗದಗ, ಶಿರಹಟ್ಟಿ, ಮುಂಡರಗಿ ಕಡೆಯ ಸಂತೆಗಳನ್ನು ಸುತ್ತಿ, ಎರಡು ಸಲ ಮೋಸ ಹೋಗಿ, ಮೂರನೆಯ ಸಲಕ್ಕೆ ಕಲಿತದ್ದು. ಹಲ್ಲು, ಸುಳಿ, ಗೊರಸು, ನಡಿಗೆ ಇಷ್ಟು ನೋಡಿದರೆ ಸಾಕು, ಎತ್ತು ಎರೆಮಣ್ಣಿನಲ್ಲಿ ದುಡಿದದ್ದೋ ಮಸಾರಿಯ ಕೆಂಪುಮಣ್ಣಿನಲ್ಲಿ ದುಡಿದದ್ದೋ ಹೇಳಬಲ್ಲೆ. ಕೊಳ್ಳುವವರಿಗೆ ನಾನು ಪುಕ್ಕಟೆ ಕೊಡುವ ಬುದ್ಧಿಮಾತು ಒಂದಿದೆ: ಸಂಜೆ ಬೆಳಕಿನಲ್ಲಿ ಎತ್ತು ಕೊಳ್ಳಬೇಡಿ. ಹೊತ್ತು ಮುಳುಗುವಾಗ ಮುದಿ ಎತ್ತೂ ಹೋರಿಯ ಹಾಗೆ ಕಾಣುತ್ತದೆ. ಮಾರುವವರು ಅದಕ್ಕೇ ಸಂಜೆಯ ತನಕ ಎಳೆಯುತ್ತಾರೆ. ಈ ಮಾತನ್ನು ಎಷ್ಟು ಜನರಿಗೆ ಹೇಳಿದ್ದೇನೋ ಲೆಕ್ಕವಿಲ್ಲ. ನಾನೇ ಅದನ್ನು ಮುರಿದ ವರ್ಷದ ಕತೆ ಇದು.

ಆ ವರ್ಷ ಪುಷ್ಯ ಮಳೆ ಹಿಡಿಯುವ ಹೊತ್ತಿಗೆ ದನಗಳಿಗೆ ಗಂಟುರೋಗ ಬಂತು. ಮೊದಲು ಜ್ವರ, ಆಮೇಲೆ ಮೈತುಂಬ ಗಂಟು, ಕಾಲಿಗೆ ಬಾವು. ಒಂದರಿಂದ ಒಂದಕ್ಕೆ ಹಬ್ಬದಿರಲಿ ಎಂದು ದನದ ಸಂತೆಗಳನ್ನೆಲ್ಲ ಬಂದ್ ಮಾಡಿದರು. ಎಲ್ಲರ ಕೊಟ್ಟಿಗೆಯಲ್ಲೂ ಬೇವಿನೆಣ್ಣೆ ಕಾಯುತ್ತಿತ್ತು. ಮೂವತ್ತು ವರ್ಷಗಳಲ್ಲಿ ಮೊದಲ ಸಲ ನಾನು ಒಂದಿಡೀ ಮಳೆಗಾಲ ಮನೆಯಲ್ಲಿ ಕೂತೆ.

ಗದಗಿನಿಂದ ಕಳಸಾಪುರಕ್ಕೆ ಹೋಗುವ ದಾರಿಯಲ್ಲಿ, ಊರು ಇನ್ನೂ ಸ್ವಲ್ಪ ದೂರ ಇರುವಾಗಲೇ ನಮ್ಮ ಮನೆ. ಹಿಂದೆ ಎರಡೆಕರೆ ಎರೆಹೊಲ. ತಗ್ಗಿನಲ್ಲಿ ಒಂದು ಕೃಷಿ ಹೊಂಡ, ಅದರ ಬದುವಿಗೆ ತುದಿ ಒಣಗಿದ ಹಳೆಯ ಬೇವಿನ ಮರ. ಆ ಸಲ ಮಳೆ ಚೆನ್ನಾಗಿತ್ತು. ಹೆಸರು ಮೊಳಕಾಲಿಗೆ ಬಂದು ಹೂ ಹಿಡಿದಿತ್ತು, ಹೊಂಡ ತುಂಬಿ ಅಂಚಿನ ಹುಲ್ಲಿನಲ್ಲಿ ನೀರು ನಿಂತಿತ್ತು. ಮಾಡಲು ಕೆಲಸವಿಲ್ಲದೆ ನಾನು ಸಿಕ್ಕಸಿಕ್ಕವರಿಗೆ ಬುದ್ಧಿ ಹೇಳುತ್ತ ಕಾಲ ಕಳೆದೆ. ರೊಟ್ಟಿ ಎಷ್ಟು ತೆಳ್ಳಗೆ ಬಡಿಯಬೇಕು ಎಂದು ಹೆಂಡತಿ ಶಾಂತವ್ವನಿಗೆ ಹೇಳಿದೆ. ಕಸ ಯಾವ ಕಡೆಯಿಂದ ತೆಗೆಯಬೇಕು ಎಂದು, ಹುಟ್ಟಿದಾಗಿನಿಂದ ಕಸ ತೆಗೆದ ಆಳುಗಳಿಗೆ ಹೇಳಿದೆ. ಒಂದು ವಾರ ತಾಳಿದ ಶಾಂತವ್ವ ಕೊನೆಗೆ ತವೆ ಇಳಿಸಿ, "ಬ್ಯಾನಿ ಬಂದಿದ್ದು ದನಕ್ಕ, ಶಿಕ್ಷಾ ನನಗ" ಎಂದಳು.

ಪಕ್ಕದ ಮನೆ ನೀಲವ್ವನದು. ಅವಳ ತವರೂ ಗಂಡನ ಮನೆಯೂ ಬೆಟಗೇರಿಯ ನೇಕಾರರ ಓಣಿ. ಮಗ್ಗ ನಿಂತ ಮೇಲೆ ಗಂಡ ಬೆಟಗೇರಿಯ ಒಂದು ಬಟ್ಟೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ಬಿಚ್ಚಿ ತೋರಿಸುವ ಕೆಲಸಕ್ಕೆ ಸೇರಿದ. ಇವಳು ಈ ಕಡೆ ಜಾಗ ಹಿಡಿದು ಜವಾರಿ ಕೋಳಿ ಸಾಕಲು ಶುರುಮಾಡಿದಳು. ಹತ್ತು ಹನ್ನೆರಡು ಕೋಳಿ ಇದ್ದವು, ತತ್ತಿ ಮಾರಿ ಉಪ್ಪು ಎಣ್ಣೆಗೆ ಸರಿದೂಗಿಸುತ್ತಿದ್ದಳು. ಹಿಂದಿನ ಬೇಸಿಗೆಯಲ್ಲಿ ಅವಳಿಗೂ ನಾನು ಬುದ್ಧಿ ಹೇಳಿದ್ದೆ. ಹತ್ತು ಕೋಳಿಗೆ ಬೀಳುವ ಕಷ್ಟವೇ ಅರವತ್ತಕ್ಕೂ ಬೀಳುತ್ತದೆ, ಶ್ರಾವಣ ಮುಗಿದು ಗಣಪತಿ ಕಳಿಸಿದ ಮೇಲೆ ಜವಾರಿ ಹುಂಜಕ್ಕೆ ಜನ ಮುಗಿಬೀಳುತ್ತಾರೆ, ಆ ಹೊತ್ತಿಗೆ ಮರಿಗಳು ತಯಾರಿರಲಿ ಎಂದಿದ್ದೆ. ಅವಳು ಎರಡು ದಿನ ಯೋಚಿಸಿ, ಓಣಿಯ ಕಾವಿನ ಕೋಳಿಗಳನ್ನೆಲ್ಲ ಕೇಳಿ ತಂದು, ಅರವತ್ತು ಮರಿ ಏಳಿಸಿದಳು. ಹದ್ದಿಗೆ, ಬೆಕ್ಕಿಗೆ ಎಂಟೋ ಹತ್ತೋ ಹೋಗಿ, ಉಳಿದವು ಆ ಮಳೆಗಾಲದಲ್ಲಿ ಗರಿ ಬಲಿತು ಅಂಗಳದ ತುಂಬ ಓಡಾಡುತ್ತಿದ್ದವು. ಅವನ್ನು ಮಾರಿ ತಗಡು ಹೊದಿಸಿದ ಒಂದು ಗಟ್ಟಿ ಗೂಡು ಕಟ್ಟಿಸುವುದು, ಬರುವ ವರ್ಷದಿಂದ ಅದೇ ಕಸುಬು ಮಾಡುವುದು ಅವಳ ಎಣಿಕೆ. ಒಂದು ವರ್ಷದ ದುಡಿತವೆಲ್ಲ ಆ ಕೋಳಿಗಳ ಮೈಮೇಲಿತ್ತು.

ಇಂಥ ಹೊತ್ತಿನಲ್ಲಿ ಒಂದು ಸಂಜೆ ನಮ್ಮ ಹೊಂಡಕ್ಕೆ ಆ ಹಕ್ಕಿ ಬಂತು.

ಶಾಂತವ್ವ ಮೊದಲು ನೋಡಿ ನನ್ನನ್ನು ಕರೆದಳು. ಮಳೆ ನಿಂತು ಮೋಡದ ಅಂಚಿನಲ್ಲಿ ಸ್ವಲ್ಪ ಬೆಳಕು ಉಳಿದಿತ್ತು. ಹುಲ್ಲಿನಲ್ಲಿ ನಿಂತು ಏನನ್ನೋ ಆರಿಸಿ ತಿನ್ನುತ್ತಿದ್ದ ಅದನ್ನು ನಾನು ಎತ್ತು ನೋಡಿದ ಹಾಗೆಯೇ ತಲೆಯಿಂದ ಕಾಲಿನ ತನಕ ನೋಡಿದೆ. ತಲೆ, ಕುತ್ತಿಗೆ ಬಿಳಿ. ಅದರ ಮೇಲೆ ಸಾಸಿವೆ ಚೆಲ್ಲಿದಂತೆ ಕಪ್ಪು ಚುಕ್ಕೆ. ಬೆನ್ನು ಕಪ್ಪು, ಹೊಟ್ಟೆ ಬಿಳಿ. ನೀರುಕೋಳಿಯಲ್ಲ, ಅದಕ್ಕೆ ಇಷ್ಟು ಮೈಯಿಲ್ಲ. ಕೊಕ್ಕರೆಯಲ್ಲ, ಕಾಲು ಗಿಡ್ಡ. ಕೊಕ್ಕು ನೋಡಿದರೆ ಬಾತು, ಆದರೆ ಸಾಕಿದ ಬಾತಲ್ಲ. ಸಾಕಿದ್ದು ಮನುಷ್ಯರ ಸಪ್ಪಳಕ್ಕೆ ಹತ್ತಿರ ಬರುತ್ತದೆ, ಇದು ದೂರ ಸರಿಯಿತು. ಶಾಂತವ್ವ ಹಂಸ ಎಂದಳು. ನೀಲವ್ವ ಬೇಲಿಯಾಚೆಯಿಂದ ನೋಡಿ, ಯಾರದೋ ಮನೆಯಿಂದ ತಪ್ಪಿಸಿಕೊಂಡು ಬಂದಿರಬೇಕು, ಒಡೆಯರು ಹುಡುಕಿಕೊಂಡು ಬಂದರೆ ನಮ್ಮ ಮೇಲೆ ಬರುತ್ತದೆ, ಮುಟ್ಟಬೇಡಿ ಎಂದಳು. ನಾನು ಇಬ್ಬರಿಗೂ, ಇದು ಎಲ್ಲಿಯದೋ ಕಾಡುಬಾತು, ನಾಲ್ಕು ದಿನ ಇದ್ದು ಹೋಗುತ್ತದೆ ಎಂದು ತೀರ್ಪು ಕೊಟ್ಟೆ. ಆ ತೀರ್ಪು ಅಷ್ಟು ತಪ್ಪಾಗಿರಲಿಲ್ಲ. ಅಲ್ಲಿಗೇ ನಿಲ್ಲಿಸಬೇಕಿತ್ತು.

ಅದು ಹೋಗಲಿಲ್ಲ. ದಿನಾ ಸಂಜೆ ಕಾಣುತ್ತಿತ್ತು. ವಾರ ಕಳೆದ ಮೇಲೆ, ಜಿಟಿಜಿಟಿ ಮಳೆಯ ಒಂದು ಸಂಜೆ, ಹೊಂಡದ ಆಚೆ ದಂಡೆಯಲ್ಲಿ ನಿಂತ ಅದನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದೆ. ಕೊಕ್ಕಿನ ಬುಡದಲ್ಲಿ, ಮೂಗಿನ ಮೇಲೆ, ಕಪ್ಪಗೆ ದೊಡ್ಡದೊಂದು ಗಂಟು ಎದ್ದಿತ್ತು. ಹಿಂದಿನ ದಿನ ಇರಲಿಲ್ಲ, ನಾನೇ ನೋಡಿದ್ದೆ. ಮೈಯೂ ಊದಿದಂತೆ ಕಂಡಿತು. ಮೊದಲಿಗಿಂತ ಒಂದೂವರೆ ಪಟ್ಟು ಆಗಿತ್ತು. ಗಂಟು, ಬಾವು. ಆ ಕೆಲವು ವಾರಗಳಲ್ಲಿ ಎಷ್ಟು ಕೊಟ್ಟಿಗೆಯಲ್ಲಿ ಅದನ್ನೇ ನೋಡಿದ್ದೆನೋ. ಬೇರೆ ಯಾರಾದರೂ ಆಗಿದ್ದರೆ ಇದು ಬೇರೆ ಹಕ್ಕಿ ಇರಬಹುದು ಎಂದುಕೊಳ್ಳುತ್ತಿದ್ದರು. ನನಗೆ ರೋಗವೇ ಕಂಡಿತು. ತಲೆಯಲ್ಲಿ ಯಾವುದು ತುಂಬಿರುತ್ತದೋ ಕಣ್ಣು ಅದನ್ನೇ ಹುಡುಕಿ ತರುತ್ತದೆ.

ಮೊದಲು ನೀಲವ್ವನ ಬಾಗಿಲಿಗೆ ಹೋಗಿ, ಕೋಳಿಗಳನ್ನು ಹೊರಗೆ ಬಿಡಬೇಡ, ಹೊಂಡದ ನೀರು ಕುಡಿಸಬೇಡ ಎಂದೆ. ಶಾಂತವ್ವನಿಂದ ಬೇವಿನೆಣ್ಣೆ ಕಾಯಿಸಿ ತರಿಸಿ, ಗೂಡಿನ ಕೋಲಿಗೆಲ್ಲ ಸವರಿಸಿದೆ. ಅಲ್ಲಿಯ ತನಕ ಅಡ್ಡಿಯಿರಲಿಲ್ಲ. ಮರುದಿನ ಬೆಟಗೇರಿಗೆ ಹೋದವನು ಚಹಾದಂಗಡಿಯಲ್ಲಿ ಕೂತೆ. ಸಂತೆಯಿಲ್ಲದೆ ಸಪ್ಪಗೆ ಕೂತಿದ್ದ ನಾಲ್ಕು ಜನ ಹಳೆಯ ಗೆಳೆಯರಿದ್ದರು. ಹೊಸ ಸುದ್ದಿ ಹೇಳುವ ಆಸೆ ಯಾರಿಗಿರುವುದಿಲ್ಲ? ಗಂಟುರೋಗ ಈಗ ಹಕ್ಕಿಗೂ ಬಂದಿದೆ, ನಮ್ಮ ಹೊಲದಲ್ಲೇ ಕಣ್ಣಾರೆ ಕಂಡೆ, ಪಕ್ಕದಲ್ಲೇ ಕೋಳಿಗಳಿವೆ, ಏನಾಗುತ್ತದೋ ಎಂದೆ. ಇಷ್ಟು ವರ್ಷ ದನದ ಮೈಯ ಬಗ್ಗೆ ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಅದಕ್ಕೇ ಎಲ್ಲರೂ ನಂಬಿದರು.

ಮಾತು ಕಾಲಿಲ್ಲದೆ ಓಡುತ್ತದೆ. ನಾಲ್ಕೇ ದಿನದಲ್ಲಿ ಮುಂಡರಗಿಯಿಂದ ಬಂದ ಬೀಗರೊಬ್ಬರು ನಮ್ಮ ಪಡಸಾಲೆಯಲ್ಲಿ ಕೂತು ನನಗೇ ಹೇಳಿದರು: ಕಳಸಾಪುರದ ಹತ್ತಿರ ಕೋಳಿಗಳಿಗೆಲ್ಲ ಗಂಟು ಎದ್ದು ಸಾಯುತ್ತಿವೆಯಂತೆ. ಸುದ್ದಿಯಿಂದ ಬಾತು ಬಿದ್ದುಹೋಗಿತ್ತು, ಕೋಳಿ ಉಳಿದಿತ್ತು.

ಅದೇ ದಿನ ಮಧ್ಯಾಹ್ನ ನೀಲವ್ವ ಬಂದಳು. ಒಳಗೆ ಬರಲಿಲ್ಲ, ಕಟ್ಟೆಯ ಹತ್ತಿರ ನಿಂತಳು. ಬೆಟಗೇರಿಯ ಖಾನಾವಳಿಯವರು ವಾರ ವಾರ ಒಯ್ಯುತ್ತಿದ್ದ ತತ್ತಿ ಬೇಡ ಎಂದಿದ್ದರು. ಗಣಪತಿ ಕಳಿಸಿದ ಮೇಲೆ ಇಪ್ಪತ್ತು ಹುಂಜ ಬೇಕು ಎಂದು ಹೇಳಿಟ್ಟಿದ್ದವರೂ ಈಗ ಬೇಡ ಎಂದಿದ್ದರು. ಊರಿನ ಇಬ್ಬರು ಹಿರಿಯರು ಬಂದು, ಎಲ್ಲವನ್ನೂ ಗುಂಡಿ ತೋಡಿ ಮುಚ್ಚಿಬಿಡು, ಊರಿಗೆ ಹಬ್ಬುವ ಮೊದಲು ಎಂದು ಹೋಗಿದ್ದರು. ಇದನ್ನೆಲ್ಲ ಅವಳು ದನಿ ಏರಿಸದೆ ಹೇಳಿದಳು. ಅತ್ತಿದ್ದರೆ ಸಮಾಧಾನ ಮಾಡಬಹುದಿತ್ತು, ಬೈದಿದ್ದರೆ ಜಗಳ ಮಾಡಬಹುದಿತ್ತು.

"ಅಣ್ಣಾರ, ಅರವತ್ತ ಏಳಸು ಅಂದವರೂ ನೀವ, ಬ್ಯಾನಿ ಅಂದವರೂ ನೀವ. ನನ್ನ ಕೋಳಿ ಒಂದಕ್ಕಾರ ಗಂಟ ಅದಾವೇನು, ಬಂದ ನೋಡ್ರಿ. ಇಲ್ಲಂದ್ರ, ಚೆಲ್ಲಿದವರ ಬಳೀಬೇಕು."

ಹೋಗಿ ನೋಡಿದೆ. ಒಂದೊಂದನ್ನೇ ಹಿಡಿದು ಜುಟ್ಟು, ಕಣ್ಣು, ಕೊಕ್ಕು ನೋಡಿದೆ. ಒಂದಕ್ಕೂ ಏನೂ ಇರಲಿಲ್ಲ. ಆದರೆ ಕೂಡಿಹಾಕಿದ್ದರಿಂದ ಒಂದನ್ನೊಂದು ಕುಕ್ಕಿ ಗರಿ ಕಿತ್ತುಕೊಂಡಿದ್ದವು. ಅದು ಮಾತ್ರ ಖಂಡಿತ ನನ್ನ ಸಲಹೆಯ ಫಲ.

ದನದ ಡಾಕ್ಟರ ಹತ್ತಿರ ಓಡಿದೆ. ಇನ್ನೂ ಸಣ್ಣ ವಯಸ್ಸಿನ ಹೆಣ್ಣುಮಗಳು. ಆ ಮಳೆಗಾಲದಲ್ಲಿ ಊರೂರು ಅಲೆದು ದನಗಳಿಗೆ ಲಸಿಕೆ ಹಾಕುತ್ತ, ಮೊಳಕಾಲಿನ ತನಕ ಕೆಸರು ಮಾಡಿಕೊಂಡು ತಿರುಗುತ್ತಿದ್ದರು. ದನದ ಗಂಟು ಹಕ್ಕಿಗೆ ಬರುವುದಿಲ್ಲ ಎಂದು ಅವರು ಹೇಳಿದಾಗ ಅರ್ಧ ಜೀವ ಬಂತು. ಇನ್ನರ್ಧ ಬರಗೊಡಲಿಲ್ಲ.

"ಕಾಕಾ, ಕೋಳಿಗೆ ಬ್ಯಾರೆ ಸಿಡುಬ ಐತಿ. ಜುಟ್ಟಿಗೆ, ಕೊಕ್ಕಿನ ಬುಡಕ್ಕ ಗಂಟ ಆಗ್ತಾವ. ಆ ಬಾತು ಯಾವುದು ಅಂತ ಗೊತ್ತಾಗದ, ನೋಡದ, ಏನೂ ಇಲ್ಲ ಅಂತ ನಾ ಹೆಂಗ ಹೇಳ್ಲಿ?"

ಶುಕ್ರವಾರ ಮುಂಜಾನೆ ಬರುತ್ತೇನೆ, ರೋಗ ಕಂಡರೆ ಮೇಲಿನವರಿಗೆ ಬರೆಯಲೇಬೇಕು, ಮೈಲಿಗಟ್ಟಲೆ ಕೋಳಿ ಮಾರಾಟ ನಿಲ್ಲಿಸಬಹುದು ಎಂದರು. ಅಂದು ಸೋಮವಾರ. ನಾನು ಚೌಕಾಸಿ ಮಾಡಿ ಒಂದು ದಿನ ಮುಂದೆ ಹಾಕಿಸಿಕೊಳ್ಳಲು ನೋಡಿದೆ, ಅವರು ಸ್ಕೂಟರ್ ಚಾಲೂ ಮಾಡಿಬಿಟ್ಟರು. ಸರಿಯಾದ ಜನರ ಹತ್ತಿರ ಚೌಕಾಸಿ ನಡೆಯುವುದಿಲ್ಲ, ನಡೆಯಲೂಬಾರದು.

ನಾಲ್ಕು ದಿನದಲ್ಲಿ ಆ ಹಕ್ಕಿ ಯಾವುದೆಂದು ತಿಳಿಯಬೇಕಿತ್ತು. ಗೊತ್ತಿಲ್ಲದ ಮಾಲು ಬಂದರೆ ನಾನು ಅದನ್ನು ಮೊದಲು ನೋಡಿದವರನ್ನು ಹುಡುಕುತ್ತೇನೆ. ಶಿರಹಟ್ಟಿ ಕಡೆಯ ಮಾಗಡಿ ಕೆರೆಗೆ ಚಳಿಗಾಲದಲ್ಲಿ ಎಲ್ಲೆಲ್ಲಿಂದಲೋ ಹಕ್ಕಿ ಬರುತ್ತವೆ ಎಂಬುದು ಗೊತ್ತಿತ್ತು, ಮಂಗಳವಾರ ಅಲ್ಲಿಗೆ ಹೋದೆ. ಆ ಕಾಲದಲ್ಲಿ ಕೆರೆ ಖಾಲಿ. ದಂಡೆಯ ಮೇಲೆ ಕುರಿ ಮೇಯಿಸುತ್ತಿದ್ದವರು, ಚಳಿಗಾಲದ ಹಕ್ಕಿ ನಮಗೆ ಗೊತ್ತು, ಮಳೆಗಾಲದ ಹಕ್ಕಿ ಹೊಳೆಯವರಿಗೆ ಗೊತ್ತು, ಸಿಂಗಟಾಲೂರಿಗೆ ಹೋಗಿ ಕೇಳು ಎಂದರು. ಮಾತಿನಲ್ಲಿ ತೂಕ ಕಂಡಿತು. ಬುಧವಾರ ನಸುಕಿನಲ್ಲೇ ಬಸ್ಸು ಹತ್ತಿದೆ. ಮುಂಡರಗಿ ದಾಟುವ ತನಕ ಕಪ್ಪತಗುಡ್ಡದ ಮೇಲಿನ ಗಾಳಿಗಿರಣಿಗಳು ಮೋಡದೊಳಗೆ ಅರ್ಧರ್ಧ ಮುಳುಗಿ ತಿರುಗುತ್ತಿದ್ದವು. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡುತ್ತಿದ್ದೆ. ಅಂದು ನನಗೆ ಎಲ್ಲ ಕಡೆಯೂ ನೀಲವ್ವನ ಕೋಳಿಗಳೇ ಕಾಣುತ್ತಿದ್ದವು.

ಸಿಂಗಟಾಲೂರಿನ ಹೊಳೆಯ ದಂಡೆಯಲ್ಲಿ ಅಂಬಿಗರ ಹನುಮಂತಜ್ಜ ಬಲೆ ಒಣಹಾಕಿಕೊಂಡು ಕೂತಿದ್ದರು. ತುಂಗಭದ್ರೆ ಕೆಂಪಗೆ ತುಂಬಿ ಹರಿಯುತ್ತಿದ್ದುದರಿಂದ ಅವರಿಗೂ ನನ್ನ ಹಾಗೆ ಕೆಲಸವಿರಲಿಲ್ಲ. ನಾನು ಹಕ್ಕಿಯ ಬಣ್ಣ, ಅಳತೆ, ಗಂಟು, ಊದಿದ ಮೈ ಎಲ್ಲವನ್ನೂ ಬಿಡಿಸಿ ಹೇಳಿದೆ. ಹೇಳುವುದರಲ್ಲಿ ನಾನು ಕಡಿಮೆಯವನಲ್ಲ. ಅಜ್ಜ ಕೊನೆಯ ತನಕ ಕೇಳಿ, ಬಾಯಿಯೊಳಗಿನ ಎಲೆಅಡಿಕೆ ಉಗುಳಿ ಬಂದು, ಒಂದೇ ಪ್ರಶ್ನೆ ಕೇಳಿದರು: ಗಂಡೋ ಹೆಣ್ಣೋ?

ನೋಡಿಲ್ಲ ಎಂದೆ.

"ದನದ ದಲಾಲಿ ಅಂತಿ ತಮ್ಮಾ. ಹೋರಿಗೆ ಬೆನ್ನ ಮ್ಯಾಲ ಇದ್ದಷ್ಟ ಹಿಣಿಲ ಆಕಳಿಗೆ ಇರತೈತೇನು? ಹೋರಿ ಹಿಣಿಲ ನೋಡಿ ಬಾವು ಬಂದೈತಿ ಅಂತ ಎಣ್ಣಿ ತಿಕ್ತೀಯೇನು?"

ಮೂವತ್ತು ವರ್ಷದ ದಲಾಲಿತನ ಆ ಹೊಳೆಯ ನೀರಿನಲ್ಲಿ ತೇಲಿಹೋಯಿತು. ಸಂತೆಯಲ್ಲಿ ಹೊಸದಾಗಿ ಬಂದ ಹುಡುಗನೂ ಮೊದಲು ಕೇಳುವುದು ಅದನ್ನೇ. ಹೆಸರು ಗಿಸರು ನನಗೆ ಗೊತ್ತಿಲ್ಲ ಎಂದ ಅಜ್ಜ ಉಳಿದದ್ದನ್ನೆಲ್ಲ ಹೇಳಿದರು. ಗಂಡಿಗೆ ಮಾತ್ರ ಆ ಗಂಟು. ಮಳೆಗಾಲದಲ್ಲಿ, ಜೋಡಿ ಕೂಡುವ ಕಾಲಕ್ಕೆ, ದೊಡ್ಡದಾಗುತ್ತದೆ. ಮಳೆ ಹೋದ ಮೇಲೆ ತಾನೇ ಇಳಿಯುತ್ತದೆ. ಹೆಣ್ಣಿಗೆ ಗಂಟಿಲ್ಲ, ಮೈಯೂ ಸಣ್ಣದು. ನೀನು ನೋಡಿದ್ದು ಒಂದಲ್ಲ, ಎರಡು. ಮೊದಲು ಹೆಣ್ಣು, ಆಮೇಲೆ ಗಂಡು.

ಆದರೆ ವಾರವಿಡೀ ಗಂಡು ಎಲ್ಲಿತ್ತು ಎಂದು ನಾನೂ ಬಿಡಲಿಲ್ಲ. ಒಪ್ಪಿಕೊಳ್ಳುವ ಮೊದಲು ಇನ್ನೊಂದು ಸಲ ಎಳೆದು ನೋಡುವುದು ರೂಢಿ.

"ಅಲ್ಲೇ ಮರ ಐತೇನು? ಮ್ಯಾಲ ನೋಡಿದ್ದೇನು?"

ನೋಡಿರಲಿಲ್ಲ. ಬಾತು ಎಂದರೆ ನೀರು ಎಂದು ನೀರನ್ನೇ ನೋಡುತ್ತಿದ್ದೆ. ಈ ಜಾತಿ ಮರದ ಮೇಲೆ ಕೂರುತ್ತದೆ, ಮರದ ಪೊಟರೆಯಲ್ಲೇ ತತ್ತಿ ಇಡುತ್ತದೆ ಎಂದು ಅಜ್ಜ ಹೇಳಿದಾಗ ನಮ್ಮ ಬೇವಿನ ಮರದ ಒಣಗಿದ ತುದಿ ಕಣ್ಣಮುಂದೆ ಬಂತು. ಅಜ್ಜನಿಗೆ ಚಹಾ ಕುಡಿಸಿ, ಕೈಮುಗಿದು ಹೊರಟೆ. ಬಸ್ಸಿನಲ್ಲಿ ಪಕ್ಕದವರಿಗೆ ಏನೂ ಬುದ್ಧಿ ಹೇಳಲಿಲ್ಲ.

ಗುರುವಾರ ದಿನವಿಡೀ ಮಳೆ ಹೊಯ್ದು ಹೊಂಡದ ಕಡೆ ಹೋಗಲಾಗಲಿಲ್ಲ. ಶುಕ್ರವಾರ ಹೊತ್ತು ಮೂಡುವ ಮೊದಲೇ ನಾನು, ಶಾಂತವ್ವ, ನೀಲವ್ವ ಹೆಸರಿನ ಹೊಲದ ಅಂಚಿನಲ್ಲಿ ಗೋಣಿಚೀಲ ಹಾಸಿ ಕೂತೆವು. ಡಾಕ್ಟರ್ ಹೇಳಿದ ಹೊತ್ತಿಗೇ ಬಂದರು. ರಾತ್ರಿಯೆಲ್ಲ ಸುರಿದ ಮಳೆ ನಿಂತು ಆಕಾಶ ತೊಳೆದಿಟ್ಟಂತಿತ್ತು. ಹೊಂಡದಲ್ಲಿ ಏನೂ ಇರಲಿಲ್ಲ. ಒಂದು ತಾಸು ಕಳೆಯಿತು. ಡಾಕ್ಟರ್ ಗಡಿಯಾರ ನೋಡಿದರು. ನೀಲವ್ವ ನನ್ನ ಕಡೆ ನೋಡಲೇ ಇಲ್ಲ. ನಾನು ಬೇವಿನ ಮರವನ್ನು ಕೊಂಬೆ ಕೊಂಬೆ ಹುಡುಕಿದೆ. ಎರಡು ಗೊರವಂಕ ಬಿಟ್ಟರೆ ಮರವೂ ಖಾಲಿ. ಅಜ್ಜ ಹೇಳಿದ್ದು ನಿಜವೋ, ಕೆಲಸವಿಲ್ಲದ ಮುದುಕರು ನನ್ನನ್ನು ಆಟವಾಡಿಸಿದರೋ ಎಂಬ ಅನುಮಾನ ಬಂತು.

ಆಮೇಲೆ ಅಂತೂರ ಬೆಂತೂರ ಊರಿನ ಕಡೆಯಿಂದ ಎರಡು ಹಕ್ಕಿ ನಿಧಾನಕ್ಕೆ ರೆಕ್ಕೆ ಬಡಿಯುತ್ತ ಬಂದವು. ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದು ನೇರ ಹೊಂಡದ ಅಂಚಿಗೆ ಇಳಿಯಿತು. ದೊಡ್ಡದು ಒಂದು ಸುತ್ತು ಹೊಡೆದು ಬೇವಿನ ಮರದ ಒಣತುದಿಯ ಮೇಲೆ, ತನಗೇ ಕಟ್ಟಿಸಿಟ್ಟ ಕಟ್ಟೆಯ ಹಾಗೆ, ಹೋಗಿ ಕೂತಿತು. ಮೂಗಿನ ಮೇಲೆ ಗಂಟು. ಕೆಳಗಿನದಕ್ಕೆ ಇಲ್ಲ. ಡಾಕ್ಟರ್ ಮೊಬೈಲ್ ಎತ್ತಿ ಹತ್ತಾರು ಫೋಟೋ ತೆಗೆದರು. ಅಷ್ಟರಲ್ಲಿ ಹೊತ್ತು ಏರಿ ಬಿಸಿಲು ಆ ಗಂಡಿನ ಬೆನ್ನ ಮೇಲೆ ಬಿತ್ತು. ನಾನು ಕಪ್ಪು ಎಂದು ಹೇಳಿಕೊಂಡು ತಿರುಗಿದ್ದ ಬೆನ್ನು ಹಸಿರಾಯಿತು. ಅದು ಸ್ವಲ್ಪ ತಿರುಗಿತು, ನೇರಳೆಯಾಯಿತು.

ನೀಲವ್ವ ಎದ್ದು ನಿಂತಳು. ಹುಟ್ಟಿನಿಂದ ನೂಲು ನೋಡಿದ ಕಣ್ಣು ಅವಳದು.

"ಹಾಸು ಕರೇದು, ಹೊಕ್ಕು ಹಸರು. ಹೊಸಾ ರೇಷ್ಮಿ ಹಂಗ ಐತಿ ನೋಡ್ರಿ. ಬ್ಯಾನಿ ಬಿದ್ದದ್ದು ಹಿಂಗ ಮಿಂಚತೈತೇನ್ರಿ ಮೇಡಂ?"

ನಾನು ತಲೆಯ ಮೇಲೆ ಕೈ ಹೊತ್ತೆ. ರೋಗ ಬಿದ್ದ ಎತ್ತಿನ ಕೂದಲು ಮೊದಲು ಹೊಳಪು ಕಳೆದುಕೊಳ್ಳುತ್ತದೆ, ಆಮೇಲೆ ಉಳಿದದ್ದು. ಇದನ್ನು ನಾನು ಊರಿಗೆಲ್ಲ ಕಲಿಸಿದ್ದೆ. ಒಂದೇ ಒಂದು ಮುಂಜಾನೆ ಎದ್ದು ಹೊಂಡದ ಹತ್ತಿರ ಬಂದಿದ್ದರೆ ಸಾಕಿತ್ತು. ಡಾಕ್ಟರ್ ಮೊಬೈಲಿನಲ್ಲಿ ಹುಡುಕಿ ಚಿತ್ರ ತೋರಿಸಿದರು; ಅದೇ ಚುಕ್ಕೆ, ಅದೇ ಗಂಟು. ಇಂಗ್ಲಿಷಿನಲ್ಲಿ ಕೋಂಬ್ ಡಕ್, ಹಿಂದಿಯಲ್ಲಿ ನಕ್ಟಾ ಅನ್ನುತ್ತಾರಂತೆ. ಆಮೇಲೆ ಅವರು ನೀಲವ್ವನ ಕೋಳಿಗಳನ್ನೂ ಒಂದೊಂದಾಗಿ ನೋಡಿ, ಇವಕ್ಕೆ ಏನೂ ಆಗಿಲ್ಲ, ಹೊರಗೆ ಬಿಡಿ ಎಂದರು. ಗೂಡಿನ ಬಾಗಿಲು ತೆಗೆದಾಗ ಅವು ಅಂಗಳದಲ್ಲಿ ಚೆಲ್ಲಾಪಿಲ್ಲಿಯಾದ ರೀತಿ ನೋಡಿ ಎಲ್ಲರೂ ನಕ್ಕೆವು.

ನನ್ನ ಲೆಕ್ಕದಲ್ಲಿ ಕೆಲಸ ಅಲ್ಲಿಗೆ ಮುಗಿದಿತ್ತು. ನೀಲವ್ವನ ಲೆಕ್ಕದಲ್ಲಿ ಈಗ ಶುರುವಾಗಿತ್ತು. ಡಾಕ್ಟರ್ ಹೇಳಿದ್ದು ನಮ್ಮ ಮೂರು ಜನರ ಕಿವಿಗೆ ಬಿತ್ತು, ನೀವು ಹೇಳಿದ್ದು ಮುಂಡರಗಿಯ ತನಕ ಮುಟ್ಟಿದೆ, ಅದನ್ನು ಯಾರು ತಿರುಗಿ ಕರೆತರಬೇಕು ಎಂದು ಕೇಳಿದಳು. ಮೊದಲು ಬೆಟಗೇರಿಯ ಚಹಾದಂಗಡಿ. ಆಮೇಲೆ ಗಣಪತಿ ಕಳಿಸಿದ ಮೇಲಿನ ಐದು ಸಂತೆ. ಅವಳು ಬುಟ್ಟಿ ಇಟ್ಟುಕೊಂಡು ಕೂತಲ್ಲಿ ನಾನೂ ಕೂರಬೇಕು, ಕೇಳಿದವರಿಗೆಲ್ಲ ನನ್ನ ಬಾಯಿಂದಲೇ ಹೇಳಬೇಕು.

ನಮ್ಮ ಕಸುಬಿನಲ್ಲಿ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಟವೆಲ್ಲಿನ ಕೆಳಗೆ ಒಬ್ಬರ ಕೈ ಒಬ್ಬರು ಹಿಡಿದು ಬೆರಳಿನಲ್ಲೇ ಕುದುರಿಸುತ್ತೇವೆ. ಸೋತದ್ದು ಗೆದ್ದದ್ದು ಆ ಎರಡು ಕೈಗಳಿಗೆ ಮಾತ್ರ ಗೊತ್ತು. ಅಂಥವನು ನಡುಸಂತೆಯಲ್ಲಿ ಕೂತು ನನ್ನ ಕಣ್ಣು ತಪ್ಪಿತು ಎಂದು ಸಾರುವುದೆಂದರೆ, ನಾಳೆ ದನದ ಸಂತೆ ತೆರೆದಾಗ ನನ್ನ ಮಾತಿಗೆ ಎತ್ತು ಕೊಳ್ಳುವವರು ಯಾರು? ಎರಡು ಸಂತೆಗೆ ಇಳಿಸಲು ನೋಡಿದೆ. ಮೂರಕ್ಕೆ ಒಪ್ಪಿಸಲು ನೋಡಿದೆ. ಶಾಂತವ್ವನ ಸಹಾಯ ಕೇಳಿದೆ. ಅವಳು ಆರು ಮಾಡು ಎಂದಳು. ಐದಕ್ಕೆ ಮುಗಿಯಿತು.

ಚಹಾದಂಗಡಿಯಲ್ಲಿ ಹೇಳುವುದು ಕಷ್ಟವಾಯಿತು. ಗೆಳೆಯರು ಅತ್ತಿತ್ತ ನೋಡಿ, ಗಂಡು ಹೆಣ್ಣು ತಿಳಿಯದೆ ಇಷ್ಟು ವರ್ಷ ನಮಗೆ ಹೋರಿ ಮಾರಿದೆಯಾ ಎಂದು ವಾರವಿಡೀ ಕಾಡಿದರು. ಕಾಡಿಸಿಕೊಂಡೆ. ಒಂದು ತಮಾಷೆ ಕಂಡುಕೊಂಡೆ: ರೋಗದ ಸುದ್ದಿ ಎಷ್ಟು ಜೋರಾಗಿ ಓಡಿತ್ತೋ, ದಲಾಲಿ ಪೆಚ್ಚಾದ ಸುದ್ದಿ ಅದಕ್ಕಿಂತ ಜೋರಾಗಿ ಓಡಿತು. ಖಾನಾವಳಿಯವರು ಆ ಕತೆ ಕೇಳಿಯೇ ತತ್ತಿಗೆ ಮತ್ತೆ ಹೇಳಿ ಕಳಿಸಿದರು. ಸಂತೆಯಲ್ಲಿ ಜನ ಹುಂಜ ಕೊಳ್ಳಲು ಬಂದವರು ಮೊದಲು ನನ್ನ ಮುಖ ನೋಡುತ್ತಿದ್ದರು. ನಾನು ಹೇಳುತ್ತಿದ್ದೆ. ಎರಡನೆಯ ಸಂತೆಗೆ ಹೇಳುವ ಸಂಕಟ ಹೋಗಿ ರುಚಿ ಹತ್ತಿತು. ಹೊಳೆಯ ಅಜ್ಜನ ದನಿ, ಬಿಸಿಲಿನಲ್ಲಿ ತಿರುಗಿದ ಬೆನ್ನು ಎಲ್ಲವನ್ನೂ ಸೇರಿಸಿ ಹೇಳತೊಡಗಿದೆ. ತಪ್ಪು ಮಾಡಿದವರಿಗೆ ನನ್ನದೊಂದು ಸಲಹೆ: ಯಾರಾದರೂ ಎತ್ತಿ ತೋರಿಸುವ ಮೊದಲು ನೀವೇ ಚೆನ್ನಾಗಿ ಹೇಳಿಬಿಡಿ. ಅರ್ಧ ಭಾರ ಹೋಗುತ್ತದೆ.

ಆ ನಡುವೆ ಹೆಸರು ಬಿಡಿಸಿ ಒಕ್ಕಿದ್ದಾಯಿತು. ಹೆಣ್ಣುಬಾತು ಕೆಲವು ವಾರ ಕಾಣಲೇ ಇಲ್ಲ, ಗಂಡು ಮಾತ್ರ ಮರದ ತುದಿಯಲ್ಲಿ ಕಾವಲುಗಾರನ ಹಾಗೆ ಕೂತಿರುತ್ತಿತ್ತು. ಒಂದು ಮುಂಜಾನೆ ಶಾಂತವ್ವ ಓಡಿ ಬಂದು ಎಬ್ಬಿಸಿದಳು. ತಾಯಿಯ ಹಿಂದೆ ಏಳು ಮರಿ ಹೊಂಡದಲ್ಲಿ ಸಾಲುಹಿಡಿದು ಈಜುತ್ತಿದ್ದವು. ಆ ದಿನ ರೊಟ್ಟಿ ದಪ್ಪವಾಗಿತ್ತು, ನಾನು ಸುಮ್ಮನೆ ತಿಂದೆ.

ಐದನೆಯ ಸಂತೆಗೆ ಎರಡೇ ಹುಂಜ ಉಳಿದಿದ್ದವು. ಹೊತ್ತು ಇಳಿಯುವಾಗ ಮುಂಡರಗಿ ಕಡೆಯ ಒಬ್ಬರು ಬಂದು, ಬುಟ್ಟಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಹುಂಜದ ರೆಕ್ಕೆ ಎತ್ತಿ ನೋಡುತ್ತ, ಇವು ಆ ಗಂಟು ಬಂದ ಕಡೆಯ ಕೋಳಿಯಲ್ಲವೇ ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ನೀಲವ್ವ ಶುರುಮಾಡಿಬಿಟ್ಟಿದ್ದಳು.

"ಅದು ಗಂಡಬಾತು ಅಣ್ಣಾರ. ಮಳಿಗಾಲಕ್ಕ ಗಂಡಿಗೆ ಮೂಗಿನ ಮ್ಯಾಲ ಹಂಗ ಏಳತೈತಿ, ಹೆಣ್ಣಿಗೆ ಇರೂದಿಲ್ಲ. ಎರಡೂ ನಮ್ಮ ಹೊಲದಾಗ ಮರಿ ಮಾಡ್ಯಾವು. ಬೇಕಾದ್ರ ಬಂದ ನೋಡಿ ಹೋಗ್ರಿ, ಹುಂಜಾ ಆಮ್ಯಾಲ ಒಯ್ಯಿರಿ."

ನನ್ನದು ಇಷ್ಟು ಚಿಕ್ಕದಾಗಿ ಎಂದೂ ಮುಗಿಯುತ್ತಿರಲಿಲ್ಲ. ಬಂದವರು ನಕ್ಕು ಚೌಕಾಸಿಗೆ ಇಳಿದರು. ಕೊನೆಯ ಎರಡು, ಸಂತೆ ಕಳಚುವ ಹೊತ್ತು, ಸ್ವಲ್ಪ ಬಿಟ್ಟುಕೊಡು ಎಂಬ ಮಾತು ನನ್ನ ನಾಲಿಗೆಯ ತುದಿಗೆ ಬಂತು. ನುಂಗಿದೆ. ಅವಳು ಹುಂಜಗಳ ಕಾಲಿನ ದಾರ ಬಿಗಿಯುತ್ತ, ಅವರ ಮುಖವನ್ನೂ ನೋಡದೆ, ಒಂದೇ ದರ ಹೇಳಿದಳು. ಅವರು ಎದ್ದು ಹತ್ತು ಹೆಜ್ಜೆ ಹೋದರು. ಅವಳು ಕರೆಯಲಿಲ್ಲ. ತಿರುಗಿ ಬಂದು ಒಯ್ದರು.

ನೀಲವ್ವ ಖಾಲಿ ಬುಟ್ಟಿಯನ್ನು ಬೋರಲು ಹಾಕಿ ಅದರ ಮೇಲೆ ಕೂತು, ಎದುರಿನ ಗಾಡಿಯಿಂದ ಬಿಸಿ ಮಿರ್ಚಿ ಕಟ್ಟಿಸಿ ತಂದದ್ದನ್ನು ನಡುವೆ ಬಿಚ್ಚಿಟ್ಟಳು. ಒಂದು ನನ್ನ ಕಡೆ ಸರಿಸಿ, ಬರುವ ವರ್ಷ ಎಷ್ಟು ಮರಿ ಏಳಿಸಲಿ ಎಂದು ಕೇಳಿದಳು.

ನನ್ನ ಹತ್ತಿರ ಉತ್ತರ ತಯಾರಿತ್ತು. ಗೂಡಿನ ಅಳತೆ, ಕಾಳಿನ ಲೆಕ್ಕ, ಯಾವ ಸಂತೆಗೆ ಎಷ್ಟು, ಎಲ್ಲವೂ. ಮಿರ್ಚಿಯನ್ನು ಎರಡು ತುಂಡು ಮಾಡಿ ಆರಲು ಇಟ್ಟೆ.

"ನೀ ಹೇಳವಾ," ಎಂದೆ. "ನಾ ಕೇಳ್ತೀನಿ."